ಅಳಿಯನಿಗೆ ಮೊದಲು ಪಿಆರ್ ಬೇಕಾ, ನೇರವಾಗಿ ಪೌರತ್ವ ಸಿಗುತ್ತಾ?

ಪ್ರಶ್ನೆ: ನಾನು ಹಾಸನದವಳು, ನಿವೃತ್ತ ಹೈಸ್ಕೂಲ್ ಶಿಕ್ಷಕಿ. ಒಬ್ಬಳೇ ಮಗಳು, ಟೊರಾಂಟೊದಲ್ಲಿ ವರ್ಕ್ ಪರ್ಮಿಟ್ ಮೇಲೆ ಕೆಲಸ ಮಾಡುತ್ತಿದ್ದಾಳೆ. ಅಳಿಯ ಅಫ್ಘಾನಿಸ್ತಾನದವರು. ಇಬ್ಬರೂ ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಪರಿಚಯ. 2021ರಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋದ ಮೇಲೆ ಅವರಿಗೆ ಊರಿಗೆ ಹೋಗಲು ಆಗಲಿಲ್ಲ. ಕೆನಡಾಕ್ಕೆ ಹೋಗಿ ಆಶ್ರಯ ಕೇಳಿದರು. 2023ರ ಮಾರ್ಚ್‌ನಲ್ಲಿ ಅಲ್ಲಿನ ನಿರಾಶ್ರಿತರ ಬೋರ್ಡ್ ಒಪ್ಪಿತು. ಮಗಳನ್ನೂ ಸೇರಿಸಿ ಆಗಲೇ ಪಿಆರ್‌ಗೆ (ಪರ್ಮನೆಂಟ್ ರೆಸಿಡೆನ್ಸಿ, ಅಂದರೆ ಕಾಯಂ ವಾಸದ ಅನುಮತಿ) ಅರ್ಜಿ ಹಾಕಿದ್ದಾರೆ, ಇನ್ನೂ ಬಂದಿಲ್ಲ. ಮೊನ್ನೆ ಅರಸೀಕೆರೆಯಲ್ಲಿ ಮದುವೆ ಮನೆಯಲ್ಲಿ ನಮ್ಮ ನೆಂಟರೊಬ್ಬರು ಸಿಕ್ಕಿದ್ದರು. "ನಿರಾಶ್ರಿತರಿಗೆ ಪಿಆರ್ ಬೇಕಾಗೇ ಇಲ್ಲ, ವಿಶ್ವಸಂಸ್ಥೆ ಕಾನೂನಿನಲ್ಲಿ ನೇರ ಪೌರತ್ವ ಕೊಡ್ತಾರೆ, ನನ್ನ ಮಗನ ಪಕ್ಕದ ಮನೆಯ ಅಫ್ಘಾನ್ ಕುಟುಂಬಕ್ಕೆ ಹಾಗೇ ಸಿಕ್ತು" ಅಂದರು. ಬೆಂಗಳೂರಿನ ಏಜೆಂಟ್ ಒಬ್ಬರ ನಂಬರನ್ನೂ ಕೊಟ್ಟರು. ಏಜೆಂಟ್ ನಾಲ್ಕು ಲಕ್ಷ ಕೇಳುತ್ತಿದ್ದಾರೆ. ಕೊಡಬಹುದಾ? ಇಲ್ಲಾಂದರೆ ಅಳಿಯ ಇಲ್ಲಿಗೇ ಬಂದು ಭಾರತದ ಪೌರತ್ವ ಕೇಳಬಹುದಾ? ಮಗಳು ಅಲ್ಲಿನ ಪ್ರಜೆಯಾದರೆ ಆಲೂರಿನ ನಮ್ಮ ಕಾಫಿ ತೋಟದ ಗತಿ ಏನು? ಇನ್ನೊಂದು, ಅಳಿಯನ ಅಫ್ಘಾನ್ ಪಾಸ್‌ಪೋರ್ಟ್ ಅವಧಿ ಮುಗಿದಿದೆ. ಅದನ್ನು ರಿನ್ಯೂ ಮಾಡಿಸಿಕೊಂಡು, ಹಾಸನಾಂಬೆ ಬಾಗಿಲು ತೆಗೆಯುವ ಹೊತ್ತಿಗೆ ಮಗುವನ್ನೂ ಕರೆದುಕೊಂಡು ಮೂವರೂ ಬರಬೇಕು ಅಂತಿದ್ದಾರೆ.

ಉತ್ತರ: ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಸಾಕು. ಕೆನಡಾದಲ್ಲಿ ಪಿಆರ್ ಇಲ್ಲದೆ ಪೌರತ್ವದ ಅರ್ಜಿ ನಡೆಯುವುದಿಲ್ಲ. ನಿರಾಶ್ರಿತರಾದರೂ ಅಷ್ಟೇ, ಸಾಫ್ಟ್‌ವೇರ್ ಎಂಜಿನಿಯರ್ ಆದರೂ ಅಷ್ಟೇ. ಏಜೆಂಟ್‌ಗೆ ನಾಲ್ಕು ಲಕ್ಷವಲ್ಲ, ನಾಲ್ಕು ರೂಪಾಯಿಯನ್ನೂ ಕೊಡಬೇಡಿ.

ಆದರೆ ಆ ಪ್ರಶ್ನೆ ಓದುವಾಗ ನನಗೇನೂ ಗಾಬರಿಯಾಗಲಿಲ್ಲ. ಎದೆ ಧಸಕ್ ಅಂದಿದ್ದು ಪತ್ರದ ಕೊನೆಗೆ ಬಂದಾಗ. ಅಳಿಯನ ಪಾಸ್‌ಪೋರ್ಟ್ ರಿನ್ಯೂ ಮಾಡಿಸುವ ಮಾತನ್ನು ನೀವು ಊಟದ ಕೊನೆಗೆ ಮಜ್ಜಿಗೆ ಕೇಳಿದಷ್ಟು ಹಗುರವಾಗಿ ಬರೆದಿದ್ದೀರಿ. ಇವತ್ತೇ ಮಗಳಿಗೆ ಫೋನ್ ಮಾಡಿ ಆ ಕೆಲಸ ನಿಲ್ಲಿಸಲು ಹೇಳಿ. ಯಾಕೆ ಅಂತ ಮುಂದೆ ವಿವರವಾಗಿ ಬರೆಯುತ್ತೇನೆ. ಮೊದಲು ಮದುವೆ ಮನೆಯ ಮಾತನ್ನು ಮುಗಿಸೋಣ.

ನಿಮ್ಮ ನೆಂಟರು ಸುಳ್ಳು ಹೇಳಿಲ್ಲ. ಅವರು ಕಂಡಿದ್ದು ನಿಜ, ಅರ್ಥ ಮಾಡಿಕೊಂಡಿದ್ದು ತಪ್ಪು. ಇಪ್ಪತ್ತು ವರ್ಷದಿಂದ ಹಾಸನದಲ್ಲಿ ಕೂತು ಪಾಸ್‌ಪೋರ್ಟ್, ಒಸಿಐ (ಭಾರತದ ನಂಟಿರುವ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್), ವಿದೇಶಿಯರ ನೋಂದಣಿ ಇಂಥ ಫೈಲುಗಳನ್ನೇ ನೋಡುತ್ತಿದ್ದೇನೆ. ಇದೇ ಮಾತನ್ನು ಬೇರೆ ಬೇರೆ ಜನರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಕೆನಡಾಕ್ಕೆ ನಿರಾಶ್ರಿತರು ಎರಡು ದಾರಿಯಲ್ಲಿ ಬರುತ್ತಾರೆ. ಒಂದು ದಾರಿಯವರು ಹೊರದೇಶದಲ್ಲಿ ಇರುವಾಗಲೇ ಆಯ್ಕೆಯಾಗಿರುತ್ತಾರೆ. ಸರ್ಕಾರವೋ ಅಲ್ಲಿನ ಯಾವುದಾದರೂ ಸಂಘವೋ ಅವರ ಜವಾಬ್ದಾರಿ ಹೊತ್ತು ಕರೆಸಿಕೊಳ್ಳುತ್ತದೆ. ಇವರು ವಿಮಾನ ಇಳಿದ ದಿನವೇ ಪಿಆರ್. ಇಳಿದ ಮೇಲೆ ಪಿಆರ್‌ಗೆ ಅಂತ ಬೇರೆ ಅರ್ಜಿ ಹಾಕುವ ಪ್ರಸಂಗವೇ ಇಲ್ಲ. ಕಾಬೂಲ್ ಬಿದ್ದ ಮೇಲೆ ಸಾವಿರಾರು ಅಫ್ಘಾನರು ಹೀಗೆ ಹೋದರು. ಮೂರು ನಾಲ್ಕು ವರ್ಷ ಅಲ್ಲಿದ್ದು ಪೌರತ್ವಕ್ಕೆ ಅರ್ಜಿ ಹಾಕಿದರು, ಸಿಕ್ಕಿತು. ಪಕ್ಕದ ಮನೆಯವರಿಗೆ ಕಂಡಿದ್ದು ಇಷ್ಟೇ: ನಿರಾಶ್ರಿತರಾಗಿ ಬಂದರು, ಪ್ರಜೆಗಳಾದರು. ನಡುವಿನ ಪಿಆರ್ ಕಣ್ಣಿಗೆ ಬೀಳಲೇ ಇಲ್ಲ. ಅವರಿಗೆ ಪಿಆರ್ ಬೇಕಿರಲಿಲ್ಲ ಅಂತಲ್ಲ, ಅದು ಮೊದಲೇ ಕೈಗೆ ಬಂದಿತ್ತು.

ನಿಮ್ಮ ಅಳಿಯ ಎರಡನೇ ದಾರಿಯವರು. ಕೆನಡಾದ ಒಳಗೆ ಹೋಗಿ ಆಶ್ರಯ ಕೇಳಿದವರು. ಬೋರ್ಡ್ ಒಪ್ಪಿದ ದಿನ ಅವರಿಗೆ ಸಿಕ್ಕಿದ್ದು 'ಪ್ರೊಟೆಕ್ಟೆಡ್ ಪರ್ಸನ್' ಅನ್ನುವ ಸ್ಥಾನ. ಅಂದರೆ, ನಿನ್ನನ್ನು ಅಫ್ಘಾನಿಸ್ತಾನಕ್ಕೆ ವಾಪಸ್ ಕಳಿಸುವುದಿಲ್ಲ, ಇಲ್ಲಿ ಇರು, ಕೆಲಸ ಮಾಡು ಅಂತ. ಇದು ರಕ್ಷಣೆ. ಕಾಯಂ ವಾಸಕ್ಕೆ ಬೇರೆ ಅರ್ಜಿ ಬೇಕು. ಅದನ್ನು ಅವರು ಆಗಲೇ ಹಾಕಿದ್ದಾರೆ, ಸರಿಯಾಗೇ ಮಾಡಿದ್ದಾರೆ.

'ವಿಶ್ವಸಂಸ್ಥೆ ಕಾನೂನು' ಅನ್ನುವ ಮಾತಿಗೂ ಒಂದು ಬೇರು ಇದೆ. 1951ರ ನಿರಾಶ್ರಿತರ ಒಪ್ಪಂದದ 34ನೇ ವಿಧಿಯಲ್ಲಿ ಪೌರತ್ವದ ಪ್ರಸ್ತಾಪ ಬರುತ್ತದೆ. ನಿರಾಶ್ರಿತರು ಆ ದೇಶದ ಪ್ರಜೆಗಳಾಗಲು ಸರ್ಕಾರಗಳು ಸಾಧ್ಯವಾದಷ್ಟು ಅನುಕೂಲ ಮಾಡಿಕೊಡಬೇಕು, ಬೇಗ ಮುಗಿಸಬೇಕು, ಖರ್ಚು ಕಡಿಮೆ ಮಾಡಬೇಕು ಅಂತ ಅದರ ಸಾರ. 'ಸಾಧ್ಯವಾದಷ್ಟು' ಅನ್ನುವ ಪದವನ್ನು ಗಮನಿಸಿ. ಮನೆ ಮಾಲೀಕರು "ಆದಷ್ಟು ಬೇಗ ಸುಣ್ಣ ಬಣ್ಣ ಮಾಡಿಸ್ತೀನಿ" ಅಂದ ಹಾಗೆ. ಆ ಮಾತು ಹಿಡಿದುಕೊಂಡು ಯಾವ ಕೋರ್ಟಿಗೆ ಹೋದರೂ ಪೌರತ್ವ ಸಿಗುವುದಿಲ್ಲ. ಪೌರತ್ವ ಯಾರಿಗೆ, ಎಷ್ಟು ವರ್ಷಕ್ಕೆ, ಯಾವ ಕಾಗದಕ್ಕೆ ಅನ್ನುವುದನ್ನು ಆಯಾ ದೇಶದ ಕಾನೂನೇ ಹೇಳಬೇಕು.

ಹಾಗಾಗಿಯೇ ಒಂದೊಂದು ದೇಶದಲ್ಲಿ ಒಂದೊಂದು ರೀತಿ. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಬೇಕೇ ಬೇಕು, ಅದಾಗಿ ಐದು ವರ್ಷ. ಆದರೆ ಅಲ್ಲಿ ಒಂದು ರಿಯಾಯಿತಿ ಇದೆ. ಹೊರಗಿನಿಂದಲೇ ನಿರಾಶ್ರಿತರಾಗಿ ಬಂದವರಿಗೆ ಗ್ರೀನ್ ಕಾರ್ಡ್ ತಡವಾಗಿ ಸಿಕ್ಕರೂ ಅದರ ತಾರೀಕನ್ನು ಅಮೆರಿಕಕ್ಕೆ ಬಂದ ದಿನಕ್ಕೆ ಹಿಂದೆ ಹಾಕುತ್ತಾರೆ. ಒಳಗೆ ಬಂದು ಆಶ್ರಯ ಪಡೆದವರಿಗೆ ಒಂದು ವರ್ಷ ಮಾತ್ರ ಹಿಂದೆ ಹಾಕುತ್ತಾರೆ. ಜರ್ಮನಿಯಲ್ಲಿ ನಿರಾಶ್ರಿತರ ವಾಸದ ಪರ್ಮಿಟ್ಟೇ ಸಾಕು, ಕಾಯಂ ಪರ್ಮಿಟ್ ಕೇಳುವುದಿಲ್ಲ. 2024ರ ಜೂನ್‌ನಿಂದ ಅಲ್ಲಿ ಕಾಯುವ ಅವಧಿ ಎಂಟರಿಂದ ಐದು ವರ್ಷಕ್ಕೆ ಇಳಿದಿದೆ. ಭಾಷೆ, ಸ್ವಂತ ದುಡಿಮೆ ಇವೆಲ್ಲ ಬೇಕು ಅನ್ನಿ. ಫ್ರಾನ್ಸಿನಲ್ಲಿ ಉಳಿದವರಿಗೆ ಇರುವ ಐದು ವರ್ಷದ ವಾಸದ ಷರತ್ತು ನಿರಾಶ್ರಿತರಿಗೆ ಇಲ್ಲ. ಬ್ರಿಟನ್ನಿನಲ್ಲಿ ಇಷ್ಟು ದಿನ ಐದು ವರ್ಷ ನಿರಾಶ್ರಿತರಾಗಿದ್ದು, ಕಾಯಂ ವಾಸದ ಅನುಮತಿ ಪಡೆದು, ಅದಾಗಿ ಸಾಮಾನ್ಯವಾಗಿ ಒಂದು ವರ್ಷ ಕಾದು ಅರ್ಜಿ ಹಾಕುತ್ತಿದ್ದರು. 2025ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಆ ಐದನ್ನು ಇಪ್ಪತ್ತು ವರ್ಷಕ್ಕೆ ಒಯ್ಯುವ ಯೋಜನೆ ಘೋಷಿಸಿತು. ಜರ್ಮನಿಯ ಕಥೆ ಕೇಳಿಬಂದವರು ಅದನ್ನೇ ಕೆನಡಾಕ್ಕೂ ಅನ್ವಯಿಸಿ ಹೇಳಿಬಿಡುತ್ತಾರೆ. ವಿದೇಶ ಅಂದರೆ ಎಲ್ಲಾ ಒಂದೇ ಅಲ್ವಾ, ಮದುವೆ ಮನೆಯಲ್ಲಿ!

ಈಗ ಕೆನಡಾದ ಲೆಕ್ಕಕ್ಕೆ ಬರೋಣ. ನೀವು ಟೀಚರ್, ಲೆಕ್ಕ ನಿಮಗೆ ಬೇಸರವಾಗಲಿಕ್ಕಿಲ್ಲ.

ಪೌರತ್ವಕ್ಕೆ ಅರ್ಜಿ ಹಾಕುವ ದಿನದಿಂದ ಹಿಂದಿನ ಐದು ವರ್ಷದಲ್ಲಿ 1,095 ದಿನ ಕೆನಡಾದ ನೆಲದ ಮೇಲೆ ಇದ್ದಿರಬೇಕು. ಪಿಆರ್ ಆದ ಮೇಲಿನ ಒಂದು ದಿನಕ್ಕೆ ಒಂದು ದಿನ ಲೆಕ್ಕ. ಪ್ರೊಟೆಕ್ಟೆಡ್ ಪರ್ಸನ್ ಆಗಿ ಕಳೆದ ಒಂದು ದಿನಕ್ಕೆ ಅರ್ಧ ದಿನ ಲೆಕ್ಕ. ಆ ಅರ್ಧ ದಿನಗಳೆಲ್ಲ ಸೇರಿ 365ಕ್ಕಿಂತ ಜಾಸ್ತಿ ಆಗುವಂತಿಲ್ಲ. ನಿಮ್ಮ ಅಳಿಯನಿಗೆ 2023ರ ಮಾರ್ಚ್‌ನಲ್ಲಿ ಆ ಸ್ಥಾನ ಸಿಕ್ಕಿದೆ. ಎರಡು ವರ್ಷ ಕಳೆದಾಗಲೇ ಅವರ 365ರ ಕೋಟಾ ತುಂಬಿದೆ. ಉಳಿದಿದ್ದು 730 ದಿನ. ಪಿಆರ್ ಬಂದ ದಿನದಿಂದ ಸರಿಯಾಗಿ ಎರಡು ವರ್ಷ ಅಲ್ಲೇ ಇದ್ದರೆ ಅರ್ಜಿ ಹಾಕಬಹುದು. ನಡುವೆ ಹಾಸನಕ್ಕೆ ನಲವತ್ತು ದಿನ ಬಂದರೆ ಎರಡು ವರ್ಷದ ಮೇಲೆ ನಲವತ್ತು ದಿನ. ಆಶ್ರಯದ ಅರ್ಜಿ ಬೋರ್ಡ್ ಮುಂದೆ ಇದ್ದ ಕಾಲ, ಅಂದರೆ ಬರೀ ಕ್ಲೇಮೆಂಟ್ ಆಗಿ ಕಳೆದ ದಿನಗಳು, ಲೆಕ್ಕಕ್ಕೆ ಬರುವುದಿಲ್ಲ. ಜನ ಜಾಸ್ತಿ ಎಡವುವುದು ಇಲ್ಲೇ. ವಿಮಾನ ಇಳಿದ ತಾರೀಕಿನಿಂದ ಎಣಿಸಿಕೊಂಡು ಕೂರುತ್ತಾರೆ.

ಇದರ ಜೊತೆಗೆ ಆ ಐದು ವರ್ಷದಲ್ಲಿ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್, 18ರಿಂದ 54 ವರ್ಷದವರಾದರೆ ಇಂಗ್ಲಿಷ್ ಅಥವಾ ಫ್ರೆಂಚ್ ಬರುತ್ತದೆ ಅನ್ನುವುದಕ್ಕೆ ಪುರಾವೆ, ಇಪ್ಪತ್ತು ಪ್ರಶ್ನೆಯ ಒಂದು ಪರೀಕ್ಷೆ. ಹದಿನೈದು ಸರಿ ಮಾಡಿದರೆ ಪಾಸು. ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿದವರಿಗೆ ಇದೇನೂ ಕಷ್ಟವಲ್ಲ ಬಿಡಿ.

ಪಿಆರ್ ಯಾಕೆ ಇಷ್ಟು ತಡ? ಅಳಿಯನ ಫೈಲಿನಲ್ಲಿ ಏನೋ ತೊಂದರೆ ಇರಬೇಕು ಅಂತ ನೀವು ಹೆದರಿದ್ದೀರಿ ಅನಿಸುತ್ತದೆ. ಹಾಗೇನೂ ಇರಬೇಕಾಗಿಲ್ಲ. ಕೆನಡಾ ಸರ್ಕಾರ ಪ್ರತಿ ವರ್ಷ ಯಾವ ಬಗೆಯ ಎಷ್ಟು ಜನರಿಗೆ ಪಿಆರ್ ಕೊಡಬೇಕು ಅಂತ ಮೊದಲೇ ಸಂಖ್ಯೆ ಗೊತ್ತು ಮಾಡುತ್ತದೆ. ಆಶ್ರಯ ಸಿಕ್ಕವರ ಪಾಲಿಗೆ ಬರುವ ಸಂಖ್ಯೆ ಚಿಕ್ಕದು, ಕಾಯುವವರು ಅದರ ಎಷ್ಟೋ ಪಟ್ಟು. ಪಡಿತರ ಅಂಗಡಿಯಲ್ಲಿ ಅಕ್ಕಿ ಹತ್ತು ಮೂಟೆ, ಕ್ಯೂ ಮಾತ್ರ ಬಸ್ ಸ್ಟ್ಯಾಂಡ್‌ವರೆಗೆ ಅಂದ ಹಾಗೆ. ಅದರ ಮೇಲೆ ಅಫ್ಘಾನಿಸ್ತಾನದವರಿಗೆ ಭದ್ರತಾ ತಪಾಸಣೆಯ ಸಮಯ ಬೇರೆ. ಈ ಕ್ಯೂ ವಿಪರೀತ ಉದ್ದವಾಗಿದೆ ಅಂತ ಸರ್ಕಾರಕ್ಕೂ ಅನಿಸಿದೆ. 2025ರ ನವೆಂಬರ್‌ನ ಬಜೆಟ್ಟಿನಲ್ಲಿ, ಹೀಗೆ ಕಾಯುತ್ತಿರುವ ಸುಮಾರು 1,15,000 ಪ್ರೊಟೆಕ್ಟೆಡ್ ಪರ್ಸನ್‌ಗಳಿಗೆ ಎರಡು ವರ್ಷದಲ್ಲಿ ಪಿಆರ್ ಕೊಡುವ ಒಂದು ಸಲದ ಕ್ರಮವನ್ನು ಪ್ರಕಟಿಸಿದೆ. ಏಜೆಂಟ್‌ಗೆ ದುಡ್ಡು ಕೊಟ್ಟು ಹೊಸ ಅರ್ಜಿ ಹಾಕಿಸುವ ಅಗತ್ಯ ಹೀಗಾಗಿಯೂ ಇಲ್ಲ. ಇರುವ ಅರ್ಜಿಯಲ್ಲಿ ವಿಳಾಸ ಸರಿ ಇದೆಯಾ, ಮೆಡಿಕಲ್ ಪರೀಕ್ಷೆಯ ಅವಧಿ ಮುಗಿದಿದೆಯಾ, ಮಗು ಹುಟ್ಟಿದ್ದನ್ನು ತಿಳಿಸಿದ್ದಾರಾ, ಇಷ್ಟು ನೋಡಿಕೊಂಡರೆ ಸಾಕು. ಕೊನೆಯದನ್ನು ಖಂಡಿತ ಕೇಳಿ. ಮಗು ಕೆನಡಾದಲ್ಲೇ ಹುಟ್ಟಿದ್ದರೆ ಅದು ಹುಟ್ಟಿನಿಂದಲೇ ಅಲ್ಲಿನ ಪ್ರಜೆ, ಪಿಆರ್ ಬೇಕಿಲ್ಲ. ಆದರೂ ಫೈಲಿನಲ್ಲಿ ತಿಳಿಸಿರಬೇಕು.

ಏಜೆಂಟ್ ಬಗ್ಗೆ ಇನ್ನೊಂದು ಮಾತು. ಕೆನಡಾದ ವಲಸೆ ವಿಷಯದಲ್ಲಿ ದುಡ್ಡು ತಗೊಂಡು ಸಲಹೆ ಕೊಡುವ ಅಧಿಕಾರ ಇರುವುದು ಅಲ್ಲಿನ ವಕೀಲರ ಸಂಘದಲ್ಲಿ ಇರುವವರಿಗೆ ಮತ್ತು ಲೈಸೆನ್ಸ್ ಪಡೆದ ವಲಸೆ ಸಲಹೆಗಾರರಿಗೆ. ಲೈಸೆನ್ಸ್ ನಂಬರ್ ಕೇಳಿ, ಆ ಸಲಹೆಗಾರರಿಗೆ ಲೈಸೆನ್ಸ್ ಕೊಡುವ 'ಕಾಲೇಜ್' ಅನ್ನುವ ಸಂಸ್ಥೆಯ ರಿಜಿಸ್ಟರ್‌ನಲ್ಲಿ ಹೆಸರು ಹುಡುಕಲು ಮಗಳಿಗೆ ಹೇಳಿ. ಐದು ನಿಮಿಷದ ಕೆಲಸ. ನಾನೂ ಅಷ್ಟೇ, ಇಲ್ಲಿನ ಕಾನೂನಿನ ವಕೀಲ. ಕೆನಡಾದ ಅರ್ಜಿಗೆ ನಾನು ಫೀಸು ತಗೊಳ್ಳುವಂತಿಲ್ಲ. ಏಜೆಂಟ್ ಹೇಳಿದ ಹಾಗೆ ಪಿಆರ್ ಇಲ್ಲದೆ ಪೌರತ್ವದ ಫಾರಂ ತುಂಬಿ ಕಳಿಸಿದರೆ, ಅದು ತಿರುಗಿ ಬರುತ್ತದೆ. ದೇಶವೇ ಇಲ್ಲದವರು, ಅಸಾಮಾನ್ಯ ಕಷ್ಟದಲ್ಲಿರುವವರು, ಇಂಥವರಿಗೆ ಮಂತ್ರಿಯ ವಿವೇಚನೆಯಿಂದ ಪೌರತ್ವ ಕೊಡುವ ಅವಕಾಶ ಅಲ್ಲಿನ ಕಾನೂನಿನಲ್ಲಿ ಇದೆ. ಏಜೆಂಟ್‌ಗಳು ತೋರಿಸುವುದು ಇದನ್ನೇ. ಅದು ತೀರಾ ಅಪರೂಪಕ್ಕೆ ಬಳಸುವ ಬಾಗಿಲು. ಪಿಆರ್ ಕ್ಯೂನಲ್ಲಿ ನಿಂತಿರುವವರಿಗೆ ತೆರೆಯುವುದಿಲ್ಲ.

ಈಗ ಆ ಪಾಸ್‌ಪೋರ್ಟ್ ವಿಷಯ. ಇದನ್ನು ಮಗಳಿಗೂ ಅಳಿಯನಿಗೂ ಪೂರ್ತಿ ಓದಿ ಹೇಳಿ.

ಅಳಿಯ ಬೋರ್ಡ್ ಮುಂದೆ ಏನು ಹೇಳಿದರು? ನನ್ನ ದೇಶದಿಂದ ನನಗೆ ರಕ್ಷಣೆ ಇಲ್ಲ, ನೀವು ಕೊಡಿ ಅಂತ. ಪಾಸ್‌ಪೋರ್ಟ್ ಅಂದರೆ ಏನು? ಈ ವ್ಯಕ್ತಿ ನಮ್ಮವನು, ಇವನಿಗೆ ನಮ್ಮ ರಕ್ಷಣೆ ಇದೆ ಅಂತ ಒಂದು ದೇಶ ಕೊಡುವ ಪತ್ರ. ಹಾಗಾಗಿ ನಿರಾಶ್ರಿತರಾದವರು ತಾವಾಗಿ ಹೋಗಿ ತಮ್ಮ ದೇಶದ ಪಾಸ್‌ಪೋರ್ಟ್ ಮಾಡಿಸಿಕೊಂಡರೆ, ಆ ದೇಶದ ರಕ್ಷಣೆಗೆ ಮರಳಿದರು ಅಂತ ಕೆನಡಾದ ಕಾನೂನು ಊಹಿಸುತ್ತದೆ. ಆ ಊಹೆ ತಪ್ಪು ಅಂತ ತೋರಿಸುವ ಭಾರ ಅವರ ಮೇಲೆಯೇ. ತೋರಿಸಲು ಆಗದಿದ್ದರೆ ನಿರಾಶ್ರಿತರ ಸ್ಥಾನ ಹೋಗುತ್ತದೆ. ಇದಕ್ಕೆ 'ಸೆಸೇಷನ್' ಅನ್ನುತ್ತಾರೆ. ತವರಿನ ಪಾಸ್‌ಪೋರ್ಟಿನಲ್ಲಿ ಮೂರನೇ ದೇಶಕ್ಕೆ ಹೋಗಿಬಂದದ್ದೂ ಇದರಲ್ಲಿ ಲೆಕ್ಕಕ್ಕೆ ಬರುತ್ತದೆ. "ನಾನು ಕಾಬೂಲ್‌ಗೆ ಹೋಗಲಿಲ್ಲ, ಅತ್ತೆ ಮನೆ ಹಾಸನಕ್ಕೆ ಹೋಗಿದ್ದೆ" ಅಂದರೆ ಅಷ್ಟರಿಂದಲೇ ಪಾರಾಗುವುದಿಲ್ಲ.

ಇನ್ನೂ ಕೆಟ್ಟದ್ದು ಮುಂದಿದೆ. 2012ರ ಡಿಸೆಂಬರ್‌ನಲ್ಲಿ ಕೆನಡಾ ಕಾನೂನು ಬದಲಿಸಿತು. ಅಲ್ಲಿಯವರೆಗೆ ಪಿಆರ್ ಬಂದ ಮೇಲೆ ಈ ಭಯ ಇರಲಿಲ್ಲ. ಈಗ ಸೆಸೇಷನ್ ಆದರೆ ಪಿಆರ್ ಕೂಡ ಜೊತೆಗೇ ಹೋಗುತ್ತದೆ. ಪಿಆರ್ ಕಾರ್ಡ್ ಬಂತು, ಇನ್ನೇನು ಭಯ ಅಂತ ತಾಯಿಯನ್ನು ನೋಡಲು ಹಳೇ ದೇಶಕ್ಕೆ ಹೋಗಿಬಂದವರು, ಪೌರತ್ವಕ್ಕೆ ಅರ್ಜಿ ಹಾಕುವಾಗ ಸಿಕ್ಕಿಬಿದ್ದಿದ್ದಾರೆ. ಯಾಕೆಂದರೆ ಆ ಅರ್ಜಿಯಲ್ಲಿ ಹೊರಗೆ ಹೋದ ಪ್ರತಿ ದಿನದ ಲೆಕ್ಕವನ್ನೂ ಅವರೇ ಬರೆದು ಕೊಡಬೇಕು. 2022ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ಕೋರ್ಟ್ ಸ್ವಲ್ಪ ಮೆದುವಾಯಿತು. ಆ ವ್ಯಕ್ತಿಗೆ ಇದರ ಪರಿಣಾಮ ಗೊತ್ತಿತ್ತಾ, ಯಾಕೆ ಹೋದರು, ಹೋದಾಗ ಎಚ್ಚರಿಕೆ ತಗೊಂಡರಾ, ಎಲ್ಲ ನೋಡಬೇಕು ಅಂದಿತು. ಸ್ವಲ್ಪ ಸಮಾಧಾನ. ಆದರೆ ಈ ಪತ್ರ ಓದಿದ ಮೇಲೆ ನಿಮ್ಮ ಅಳಿಯ "ನನಗೆ ಗೊತ್ತಿರಲಿಲ್ಲ" ಅನ್ನುವಂತಿಲ್ಲ, ಅಲ್ವಾ?

ಪಾಸ್‌ಪೋರ್ಟ್ ಕೊಡುವ ಕಚೇರಿ ತಾಲಿಬಾನಿಗೆ ಸೇರಿದ್ದಲ್ಲ ಅಂತ ವಾದಿಸಬಹುದು. ಒಳ್ಳೆಯ ವಾದವೇ. ಆದರೆ ಆ ವಾದ ಮಾಡುವ ಜಾಗಕ್ಕೆ ಹೋಗಿ ನಿಲ್ಲುವುದೇ ಯಾಕೆ? ಪೌರತ್ವದ ಪ್ರಮಾಣ ವಚನ ಮುಗಿದ ದಿನ ಸೆಸೇಷನ್‌ನ ಭಯ ಮುಗಿಯುತ್ತದೆ. ಅಲ್ಲಿಯವರೆಗೆ ಹಳೇ ಪಾಸ್‌ಪೋರ್ಟ್ ಬೀರುವಿನಲ್ಲೇ ಇರಲಿ.

ಹಾಗಾದರೆ ಅಳಿಯ ಪ್ರಯಾಣ ಮಾಡುವುದು ಹೇಗೆ? ಕೆನಡಾ ಸರ್ಕಾರ ಇಂಥವರಿಗೆ ರೆಫ್ಯೂಜಿ ಟ್ರಾವೆಲ್ ಡಾಕ್ಯುಮೆಂಟ್ ಕೊಡುತ್ತದೆ. ನೋಡಲು ಪಾಸ್‌ಪೋರ್ಟ್ ಪುಸ್ತಕದ ಹಾಗೇ ಇರುತ್ತದೆ. ತಪ್ಪಿಸಿಕೊಂಡು ಬಂದ ದೇಶವೊಂದನ್ನು ಬಿಟ್ಟು ಬೇರೆ ಕಡೆ ಹೋಗಬಹುದು. ಅದರಲ್ಲಿ ಭಾರತಕ್ಕೆ ಬರಲು ಭಾರತದ ವೀಸಾ ಬೇಕು. ಇಲ್ಲಿ ಒಂದು ತೊಡಕು ಇದೆ. ಪಾಸ್‌ಪೋರ್ಟ್ ಅಲ್ಲದ ಇಂಥ ದಾಖಲೆಗೆ ನಮ್ಮ ಇ-ವೀಸಾ ಸಿಗುವುದಿಲ್ಲ. ಕಾನ್ಸುಲೇಟ್ ಮೂಲಕವೇ ಅರ್ಜಿ ಹಾಕಬೇಕು, ಹೆಚ್ಚಿನ ಪರಿಶೀಲನೆ ಇರುತ್ತದೆ, ಸಮಯ ಹಿಡಿಯುತ್ತದೆ. ಹಾಸನಾಂಬೆ ಬಾಗಿಲು ತೆಗೆಯುವುದು ವರ್ಷದಲ್ಲಿ ಕೆಲವೇ ದಿನ, ನಿಮಗೆ ಗೊತ್ತೇ ಇದೆ. ಆ ತಾರೀಕು ನಂಬಿಕೊಂಡು ಅಳಿಯನಿಗೆ ಟಿಕೆಟ್ ಬುಕ್ ಮಾಡಬೇಡಿ. ವೀಸಾ ಕೈಗೆ ಬಂದ ಮೇಲೆ ಟಿಕೆಟ್. ಪಿಆರ್ ಬರುವ ಮೊದಲು ಹೊರಗೆ ಬಂದರೆ ವಾಪಸ್ ವಿಮಾನ ಹತ್ತುವಾಗ ಪಿಆರ್ ಕಾರ್ಡ್ ತೋರಿಸಲು ಇರುವುದಿಲ್ಲ, ಏನು ತೋರಿಸಬೇಕು ಅಂತ ಮೊದಲೇ ವಿಚಾರಿಸಿಕೊಳ್ಳಬೇಕು. ನನ್ನನ್ನು ಕೇಳಿದರೆ ಅಳಿಯ ಈ ಸಲ ಬರುವುದು ಬೇಡ.

ಮಗಳಿಗೆ ಈ ಯಾವ ತೊಂದರೆಯೂ ಇಲ್ಲ. ಅವಳು ಭಾರತದ ಪ್ರಜೆ, ನಿರಾಶ್ರಿತೆ ಅಲ್ಲ. ಅಳಿಯನ ಅರ್ಜಿಯಲ್ಲಿ ಹೆಂಡತಿಯಾಗಿ ಸೇರಿದ್ದಾಳೆ ಅಷ್ಟೇ. ಭಾರತದ ಪಾಸ್‌ಪೋರ್ಟ್ ಧಾರಾಳವಾಗಿ ಬಳಸಬಹುದು. ವಾಪಸ್ ಹೋಗಲು ಅವಳ ಕೆನಡಾ ವೀಸಾ ಚಾಲ್ತಿಯಲ್ಲಿ ಇದೆಯಾ ಅಂತ ಮಾತ್ರ ನೋಡಿಕೊಳ್ಳಲಿ.

ಇನ್ನು 'ಇಲ್ಲಿಗೇ ಬಂದುಬಿಡಲಿ' ಅನ್ನುವ ನಿಮ್ಮ ಯೋಚನೆ. ಅತ್ತೆಯ ಕರುಳು, ಅರ್ಥವಾಗುತ್ತದೆ. ಆದರೆ ಭಾರತದ ದಾರಿ ಕೆನಡಾಕ್ಕಿಂತ ಉದ್ದ.

ಪೌರತ್ವಕ್ಕೆ ಮೆಟ್ಟಿಲಾಗುವ ಪಿಆರ್ ಅನ್ನುವುದೇ ನಮ್ಮಲ್ಲಿ ಇಲ್ಲ. 2016ರಲ್ಲಿ ಬಂದ ಪರ್ಮನೆಂಟ್ ರೆಸಿಡೆನ್ಸಿ ಯೋಜನೆ ಹತ್ತು ಕೋಟಿ ರೂಪಾಯಿಗೆ ಮೇಲ್ಪಟ್ಟು ಬಂಡವಾಳ ಹಾಕುವ ವಿದೇಶಿಯರಿಗೆ. ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನೂ ಇಲ್ಲ. 1951ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಕೆಲವು ಗುಂಪುಗಳಿಗೆ ಲಾಂಗ್ ಟರ್ಮ್ ವೀಸಾ ಸಿಗುತ್ತದೆ, ಪಿಆರ್‌ಗೆ ಹತ್ತಿರ ಅಂದರೆ ಅದೇ. 1955ರ ಪೌರತ್ವ ಕಾಯ್ದೆಯಲ್ಲಿ ಕೇಳುವುದು ಎರಡು ವಿಷಯ. ಕಾನೂನುಬದ್ಧವಾಗಿ ಇದ್ದೀಯಾ? ಎಷ್ಟು ವರ್ಷ ಇದ್ದೀಯಾ? ಸಾಮಾನ್ಯವಾಗಿ ಅರ್ಜಿಗೆ ಮೊದಲಿನ ಹನ್ನೆರಡು ತಿಂಗಳು ಪೂರ್ತಿ, ಅದಕ್ಕೂ ಹಿಂದಿನ ಹದಿನಾಲ್ಕು ವರ್ಷದಲ್ಲಿ ಹನ್ನೊಂದು ವರ್ಷ ಇಲ್ಲೇ ಇರಬೇಕು. ವೀಸಾ ಮುಗಿದ ಮೇಲೂ ಉಳಿದುಕೊಂಡವರು ಕಾಯ್ದೆಯ ಪ್ರಕಾರ ಅಕ್ರಮ ವಲಸಿಗರು, ಅವರಿಗೆ ಎಷ್ಟು ವರ್ಷವಾದರೂ ದಾರಿ ಇಲ್ಲ.

2019ರ ತಿದ್ದುಪಡಿ ಈ ಹನ್ನೊಂದನ್ನು ಐದಕ್ಕೆ ಇಳಿಸಿತು. ಅದು ಅಫ್ಘಾನಿಸ್ತಾನ, ಪಾಕಿಸ್ತಾನ, ಬಾಂಗ್ಲಾದೇಶದಿಂದ 2014ರ ಡಿಸೆಂಬರ್ 31ರ ಒಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಮಾತ್ರ. ಅಳಿಯನ ಧರ್ಮ ಯಾವುದು ಅಂತ ನೀವು ಬರೆದಿಲ್ಲ. ಮುಸ್ಲಿಮರಾದರೆ ಅದು ಅನ್ವಯಿಸುವುದಿಲ್ಲ. ಅವರಿಗೆ ಇರುವುದು ಮದುವೆಯ ದಾರಿ. ಭಾರತದ ಪ್ರಜೆಯನ್ನು ಮದುವೆಯಾದವರು ಏಳು ವರ್ಷ ಇಲ್ಲಿ ವಾಸವಿದ್ದರೆ ನೋಂದಣಿ ಮೂಲಕ ಪೌರತ್ವ ಕೇಳಬಹುದು. ಏಳು ವರ್ಷ ಅಂದರೆ ಅರ್ಜಿಗೆ ಮೊದಲಿನ ಒಂದು ವರ್ಷ ಬಿಡದೆ, ಅದರ ಹಿಂದಿನ ಎಂಟು ವರ್ಷದಲ್ಲಿ ಆರು ವರ್ಷ. ಮೈಸೂರಿನಲ್ಲಿ ಓದಿದ ಆ ಹಳೇ ದಿನಗಳು ಇದಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಅಂದರೆ ಕೆನಡಾದಲ್ಲಿ ಪಿಆರ್ ಆಗಿ ಎರಡು ವರ್ಷ ಕಾಯುವುದನ್ನು ಬಿಟ್ಟು, ಇಲ್ಲಿ ಬಂದು ವೀಸಾ ರಿನ್ಯೂ ಮಾಡಿಸಿಕೊಳ್ಳುತ್ತಾ ಏಳು ವರ್ಷ ಕಾಯಬೇಕು. ಅಲ್ಲಿನ ರಕ್ಷಣೆಯನ್ನು ಕೈಯಾರೆ ಬಿಟ್ಟ ಹಾಗೆ.

ನಮ್ಮಲ್ಲಿ ಇದರ ಗೋಜಲು ಎಷ್ಟಿದೆ ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಅರಕಲಗೂಡು, ಕುಶಾಲನಗರ ದಾಟಿದರೆ ಬೈಲಕುಪ್ಪೆ. ಅಲ್ಲಿನ ಟಿಬೆಟನ್ ಹುಡುಗನೊಬ್ಬ ಕೆಲವು ವರ್ಷದ ಹಿಂದೆ ನನ್ನ ಆಫೀಸಿಗೆ ಬಂದಿದ್ದ. ಹುಡುಗ ಅಂದೆ, ಮೂವತ್ತು ದಾಟಿತ್ತು. ಚಳಿಗಾಲದಲ್ಲಿ ಹಾಸನಕ್ಕೆ ಸ್ವೆಟರ್ ಮಾರಲು ಬರುತ್ತಿದ್ದ. "ಸಾರ್, ಪೌರತ್ವಕ್ಕೆ ಎಲ್ಲಿ ಅರ್ಜಿ ಹಾಕೋದು?" ಅಂತ ಕನ್ನಡದಲ್ಲೇ ಕೇಳಿದ. ಹುಟ್ಟಿದ ತಾರೀಕು ನೋಡಿದೆ, 1986. ಹುಟ್ಟಿದ್ದು ಬೈಲಕುಪ್ಪೆಯಲ್ಲಿ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು, ಅಪ್ಪ ಅಮ್ಮ ಯಾವ ದೇಶದವರಾದರೂ, ಹುಟ್ಟಿನಿಂದಲೇ ಭಾರತೀಯರು. ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಟಿಬೆಟನ್ನರ ವಿಷಯದಲ್ಲೂ ಇದನ್ನೇ ಹೇಳಿವೆ. ಅವನು ಅರ್ಜಿಯನ್ನೇ ಹಾಕಬೇಕಾಗಿರಲಿಲ್ಲ, ಮೂವತ್ತು ವರ್ಷದಿಂದ ಪ್ರಜೆಯೇ ಆಗಿದ್ದ! ಅವನ ತಮ್ಮ 1989ರಲ್ಲಿ ಹುಟ್ಟಿದವನು. ಅಪ್ಪ ಅಮ್ಮ ಇಬ್ಬರೂ ಟಿಬೆಟ್‌ನಲ್ಲಿ ಹುಟ್ಟಿ ಬಂದವರು. ಹಾಗಾಗಿ ತಮ್ಮನಿಗೆ ಇಲ್ಲ. ಒಂದೇ ಮನೆ, ಒಂದೇ ಒಲೆ. ಅಣ್ಣ ಭಾರತೀಯ, ತಮ್ಮ ವಿದೇಶಿ.

ಕೊನೆಗೆ ತೋಟ. ನೀವು ಇದನ್ನು ಒಂದೇ ಸಾಲಿನಲ್ಲಿ ಬರೆದಿದ್ದರೂ ಮನಸ್ಸಿನಲ್ಲಿ ಕೊರೆಯುತ್ತಿರುವುದು ಇದೇ ಅಂತ ನನಗೆ ಅನಿಸುತ್ತದೆ. ಆಲೂರು, ಸಕಲೇಶಪುರ, ಬೇಲೂರು ಕಡೆಯಿಂದ ಬರುವ ಎಲ್ಲ ತಂದೆ ತಾಯಿಯರ ಪ್ರಶ್ನೆಯೂ ಇದೇ.

ಮಗಳು ಕೆನಡಾದ ಪೌರತ್ವ ತಗೊಂಡ ದಿನ ಭಾರತದ ಪೌರತ್ವ ತಾನಾಗಿ ಹೋಗುತ್ತದೆ. ನಮ್ಮಲ್ಲಿ ಎರಡು ಪೌರತ್ವ ಇಲ್ಲ. ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ ಕಾರ್ಡ್ ಮಾಡಿಸಿಕೊಳ್ಳಬೇಕು. ಒಸಿಐ ಇದ್ದವರು ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್ ಕೊಂಡುಕೊಳ್ಳುವಂತಿಲ್ಲ. ದಾನವಾಗಿ ಪಡೆಯುವಂತಿಲ್ಲ. ಆದರೆ ಪಿತ್ರಾರ್ಜಿತವಾಗಿ, ಅಂದರೆ ವಾರಸುದಾರರಾಗಿ ಅಥವಾ ವಿಲ್ ಮೂಲಕ ಪಡೆಯಬಹುದು. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಕೊಳ್ಳುವುದಕ್ಕೂ ದಾನಕ್ಕೂ ಇರುವ ಈ ನಿರ್ಬಂಧ ಪೌರತ್ವ ಬದಲಾದ ಮೇಲೆ ಶುರುವಾಗುವುದಲ್ಲ. ಹೊರದೇಶದಲ್ಲಿ ವಾಸವಾಗಿರುವ ಭಾರತೀಯರಿಗೂ ಅದೇ ನಿಯಮ. ಅಂದರೆ ನಿಮ್ಮ ಮಗಳಿಗೆ ಈಗಲೇ ಅನ್ವಯಿಸುತ್ತದೆ. "ಅವಳು ಇನ್ನೂ ಭಾರತದ ಪ್ರಜೆ ಇರುವಾಗಲೇ ಬೇಗ ಗಿಫ್ಟ್ ಡೀಡ್ ಮಾಡಿಬಿಡೋಣ" ಅಂತ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಓಡಬೇಡಿ. ಹಾಗೆ ಮಾಡಿಸಿ, ಆಮೇಲೆ ಮಾರುವಾಗ ಸಿಕ್ಕಿಹಾಕಿಕೊಂಡ ಕುಟುಂಬವೊಂದರ ಫೈಲು ಈಗಲೂ ನನ್ನ ಬೀರುವಿನಲ್ಲಿದೆ.

ವಿಲ್ ಬರೆಯಿರಿ. ರಿಜಿಸ್ಟರ್ ಮಾಡಿಸುವುದು ಕಡ್ಡಾಯವಲ್ಲ, ಆದರೂ ಮಾಡಿಸಿ. ಸರ್ವೆ ನಂಬರ್ ಸರಿಯಾಗಿ ಬರೆಯಿರಿ, ಪಹಣಿಯಲ್ಲಿ ಈಗ ಯಾರ ಹೆಸರಿದೆ ನೋಡಿಕೊಳ್ಳಿ. ಇನ್ನೂ ನಿಮ್ಮ ಯಜಮಾನರ ಅಥವಾ ಮಾವನವರ ಹೆಸರಲ್ಲೇ ಇದ್ದರೆ ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಬೇಕು. ಟೊರಾಂಟೊದ ಪಿಆರ್‌ಗಿಂತ ಆಲೂರಿನ ಪೌತಿ ಖಾತೆಯೇ ತಡವಾದ ಉದಾಹರಣೆ ನಾನು ನೋಡಿದ್ದೇನೆ, ಹಾಗಾಗಿ ಇದನ್ನು ಈ ತಿಂಗಳೇ ಶುರು ಮಾಡಿ. ಮಗಳು ಮುಂದೆ ಆ ತೋಟವನ್ನು ಮಾರುವುದಾದರೆ ಭಾರತದಲ್ಲಿ ವಾಸವಿರುವ ಭಾರತೀಯರಿಗೆ ಮಾರಬಹುದು.

ಮಗಳಿಗೆ ಇನ್ನೊಂದು ಆಯ್ಕೆಯೂ ಇದೆ. ಅಳಿಯನ ಜೊತೆ ಅವಳಿಗೂ ಪಿಆರ್ ಬರುತ್ತದೆ. ಅವಳು ಅಷ್ಟಕ್ಕೇ ನಿಲ್ಲಬಹುದು. ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿ ಇದ್ದರೆ ಪಿಆರ್ ಉಳಿಯುತ್ತದೆ, ಭಾರತದ ಪೌರತ್ವವೂ ಉಳಿಯುತ್ತದೆ. ಅಳಿಯ ಮಾತ್ರ ಪೌರತ್ವಕ್ಕೆ ಹೋಗಲಿ. ಅವರಿಗೆ ಅದು ನಿಜವಾಗಿಯೂ ಬೇಕು, ಯಾಕೆಂದರೆ ಬಳಸಬಹುದಾದ ಪಾಸ್‌ಪೋರ್ಟ್ ಅವರಿಗೆ ಬೇರೆ ಇಲ್ಲ. ಅವರು ಕೆನಡಾದ ಪ್ರಜೆಯಾದ ಮೇಲೆ, ನಿಮ್ಮ ಮಗಳ ಗಂಡ ಅನ್ನುವ ಆಧಾರದಲ್ಲಿ ಒಸಿಐಗೆ ಅರ್ಜಿ ಹಾಕಬಹುದು. ಮದುವೆ ರಿಜಿಸ್ಟರ್ ಆಗಿ ಎರಡು ವರ್ಷ ಆಗಿರಬೇಕು, ಭದ್ರತಾ ತಪಾಸಣೆ ಇರುತ್ತದೆ. ಅದರಲ್ಲಿ, ನೀವಾಗಲಿ ನಿಮ್ಮ ತಂದೆ ತಾಯಿ ಅಜ್ಜ ಅಜ್ಜಿಯಾಗಲಿ ಎಂದಾದರೂ ಪಾಕಿಸ್ತಾನದ ಪ್ರಜೆಯಾಗಿದ್ದಿರಾ ಅನ್ನುವ ಪ್ರಶ್ನೆ ಬರುತ್ತದೆ. ಅಫ್ಘಾನ್ ಕುಟುಂಬಗಳು ಎಷ್ಟೋ ವರ್ಷ ಪೇಶಾವರದಲ್ಲಿ ನಿರಾಶ್ರಿತರಾಗಿ ಇದ್ದದ್ದು ಸಾಮಾನ್ಯ. ಅಲ್ಲಿ ಇದ್ದರು ಅಂದಮಾತ್ರಕ್ಕೆ ಅಲ್ಲಿನ ಪ್ರಜೆಗಳು ಅಂತಲ್ಲ. ಆದರೆ ಅಲ್ಲಿನ ಯಾವ ಗುರುತಿನ ಚೀಟಿ ಮನೆಯಲ್ಲಿದೆ, ಅದು ನಿರಾಶ್ರಿತರದ್ದಾ ಪೌರರದ್ದಾ ಅಂತ ಅಳಿಯ ಈಗಲೇ ಅವರ ಹಿರಿಯರನ್ನು ಕೇಳಿ ತಿಳಿದುಕೊಳ್ಳಲಿ. ಮೊಮ್ಮಗುವಿನ ಒಸಿಐ ಅರ್ಜಿಗೂ ಇದೇ ಪ್ರಶ್ನೆ ಬರುತ್ತದೆ. ಒಂದು ಸಲ ಹುಡುಕಿಟ್ಟರೆ ಎರಡಕ್ಕೂ ಆಯಿತು.

ಈ ಸಲದ ಹಾಸನಾಂಬೆಗೆ ಮಗಳು, ಮೊಮ್ಮಗು ಬರಲಿ. ಮಗುವಿಗೆ ಕೆನಡಾದ ಪಾಸ್‌ಪೋರ್ಟ್ ಇದ್ದರೆ ವೀಸಾ ಬೇಕು, ಅದನ್ನು ಎರಡು ತಿಂಗಳು ಮುಂಚೆಯೇ ವಿಚಾರಿಸಲು ಹೇಳಿ. ಒಬ್ಬರೇ ಪೋಷಕರ ಜೊತೆ ಬರುವ ಮಗುವಾದ್ದರಿಂದ ಅಳಿಯ ಒಪ್ಪಿಗೆ ಪತ್ರ ಬರೆದು ನೋಟರಿ ಮಾಡಿಸಿ ಮಗಳ ಕೈಗೆ ಕೊಟ್ಟಿರಲಿ. ಏರ್‌ಪೋರ್ಟಿನಲ್ಲಿ ಕೇಳಬಹುದು.